ಒಂದು ಮನೆ, ಹನ್ನೆರಡು ಮಂಚ: ಒಪ್ಪಿಗೆ ಕೊಡುವವರು ಯಾರು?

ಧಾರವಾಡದ ಸಪ್ತಾಪುರ, ಶ್ರೀನಗರ ಸರ್ಕಲ್ಲಿನ ಸುತ್ತಮುತ್ತ ಲೈಟಿನ ಕಂಬಗಳು ತಂತಿ ಹೊರುವುದಕ್ಕಿಂತ ಚೀಟಿ ಹೊರುವುದೇ ಹೆಚ್ಚು. ‘ರೂಮು ಬಾಡಿಗೆಗಿದೆ’, ‘ಕಾಟ್ ಬೇಸಿಸ್, ಹುಡುಗರಿಗೆ ಮಾತ್ರ’, ‘ಹುಡುಗಿಯರ ಪಿ.ಜಿ., ಎರಡು ಹೊತ್ತು ಊಟ’. ಚೀಟಿಯಲ್ಲಿ ಫೋನ್ ನಂಬರ್ ಇರುತ್ತದೆ. ಕೆಲವೊಮ್ಮೆ ಬಾಡಿಗೆಯೂ ಇರುತ್ತದೆ. ಇರದಿರುವುದು ಒಂದೇ: ಈ ಮನೆಯಲ್ಲಿ ಇಷ್ಟು ಜನರನ್ನು ಇಡಲು ಒಪ್ಪಿಗೆ ಸಿಕ್ಕಿದೆ ಅನ್ನೋ ಲೈಸೆನ್ಸ್ ನಂಬರು.

ಇದು ಮಾಲೀಕರೆಲ್ಲ ಕಳ್ಳರು ಅಂತ ಹೇಳೋ ಮಾತಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ ಅಂದುಕೊಳ್ಳಿ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮನೆಯಲ್ಲಿ ಎರಡು ಕೋಣೆ ಖಾಲಿ. ನಾಲ್ಕು ಹುಡುಗರನ್ನು ಇಟ್ಟುಕೊಂಡರೆ ಔಷಧಿ ಖರ್ಚಾದರೂ ಹೊರಟೀತು ಅಂತ ಅವರ ಲೆಕ್ಕ. ಸ್ವಭಾವತಃ ನಿಯತ್ತಿನ ಮನುಷ್ಯ. ಮೊದಲು ಪರವಾನಗಿ ತಗೊಂಡೇ ಶುರು ಮಾಡೋಣ ಅಂತ ಅರ್ಜಿ ಹಿಡಕೊಂಡು ಹೊರಟರೆ ಯಾವ ಬಾಗಿಲು ಬಡೀಬೇಕು? ಪಾಲಿಕೆಯ ಆರೋಗ್ಯ ಶಾಖೆಯೋ, ನಗರ ಯೋಜನೆಯೋ, ಹುಡಾ ಕಚೇರಿಯೋ, ಪೊಲೀಸ್ ಠಾಣೆಯೋ, ಹೆಸ್ಕಾಂ ಸೆಕ್ಷನ್ ಆಫೀಸೋ? ಇವರ ಅರ್ಜಿ ಎಲ್ಲರಿಗೂ ಸೇರಿದ್ದು. ಹಾಗಾಗಿಯೇ ಯಾರಿಗೂ ಸೇರಿದ್ದಲ್ಲ.

ಅಷ್ಟರಲ್ಲಿ ಪಕ್ಕದ ಮನೆಯವನು ಯಾರನ್ನೂ ಕೇಳದೆ ಹನ್ನೆರಡು ಮಂಚ ಹಾಕಿ ಬಾಡಿಗೆ ಎಣಿಸುತ್ತಾ ಕೂತಿರುತ್ತಾನೆ. ‘ಅರ್ಜಿ ಕೊಟ್ಟರ ಕೆಟ್ರಿ ಸರ, ಸುಮ್ಮನ ಮಂಚಾ ಹಾಕ್ರಿ’ ಅಂತ ಮೇಷ್ಟ್ರಿಗೆ ಬುದ್ಧಿ ಹೇಳುವವನೂ ಅವನೇ. ಕೇಳಿದವನಿಗೆ ಕಷ್ಟ, ಕೇಳದವನಿಗೆ ಲಾಭ. ನಮ್ಮ ಊರಿನ ವಸತಿ ವ್ಯವಹಾರದ ಸಾರ ಇಷ್ಟೇ.

ವಾರಾನ್ನದ ಊರು

ಹೊರಗಿನವರನ್ನು ಮನೆಯೊಳಗೆ ಇಟ್ಟುಕೊಳ್ಳೋದು ಧಾರವಾಡಕ್ಕೆ ಹೊಸದೇನಲ್ಲ. ವಾರಾನ್ನ ಉಂಡು ಓದಿದ ತಲೆಮಾರೇ ಇಲ್ಲಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಗೊತ್ತು ಮಾಡಿಕೊಂಡು ಪರೀಕ್ಷೆ ಪಾಸಾದವರು ಮುಂದೆ ವಕೀಲರಾದರು, ಪ್ರೊಫೆಸರಾದರು. ಇನ್ನೊಂದು ಕಡೆ ಮಠಗಳ ಪ್ರಸಾದ ನಿಲಯಗಳು ಹಳ್ಳಿಯ ರೈತರ ಮಕ್ಕಳಿಗೆ ಜಾಗ, ಜೋಳದ ರೊಟ್ಟಿ ಎರಡೂ ಕೊಟ್ಟವು. ಆವತ್ತು ಯಾರೂ ಯಾರಿಂದಲೂ ಲೈಸೆನ್ಸ್ ಪಡೆಯಲಿಲ್ಲ. ನಿಜ. ಆದರೆ ವಾರಾನ್ನಕ್ಕೆ ಜಾತಿಯ ಬೇಲಿ ಇತ್ತು ಅನ್ನೋದೂ ಅಷ್ಟೇ ನಿಜ. ಈ ಮಾತಿಗೆ ಮುಂದೆ ಬರೋಣ.

1917ರಲ್ಲಿ ಕರ್ನಾಟಕ ಕಾಲೇಜು ಬಂತು. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಇಲ್ಲಿಗೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ, 2013ರಲ್ಲಿ ಅದೇ ಕಾಯಂ ಪೀಠ, 2016ರಲ್ಲಿ ಐಐಟಿ. ಇವೆಲ್ಲಕ್ಕೂ ಮೇಲೆ ಈಗ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳು. ಬೀದರಿನಿಂದ, ರಾಯಚೂರಿನಿಂದ, ವಿಜಯಪುರದಿಂದ, ಹಾವೇರಿಯಿಂದ ಹುಡುಗ ಹುಡುಗಿಯರು ಒಂದು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ಬಂದು ಇಳಿಯುತ್ತಾರೆ.

ಇವರಿಗೆ ಸರಕಾರಿ ಹಾಸ್ಟೆಲ್ಲು ಇಲ್ಲವೇ ಅಂತ ಕೇಳಬಹುದು. ಹಾಸ್ಟೆಲ್ಲು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಡಿಗ್ರಿ ಮುಗಿಸಿ ಪಿಎಸ್‌ಐ, ಕೆಎಎಸ್, ಎಫ್‌ಡಿಎ ಅಂತ ಓದುತ್ತಾ ಕೂತವನು ಸರಕಾರದ ಲೆಕ್ಕದಲ್ಲಿ ವಿದ್ಯಾರ್ಥಿಯೂ ಅಲ್ಲ, ನೌಕರನೂ ಅಲ್ಲ. ಅವನಿಗೆ ಉಳಿದಿರುವುದು ಯಾರದೋ ಮನೆಯ ಒಂದು ಮಂಚ.

ಅದೂ ಎಷ್ಟು ದಿನಕ್ಕೆ? 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆರು ತಿಂಗಳಿಗೆಂದು ರೂಮು ಹಿಡಿದವನು ಎರಡು ವರ್ಷಕ್ಕಿಂತ ಹೆಚ್ಚು ಬಾಡಿಗೆ ಕಟ್ಟಿದ. ಸರಕಾರ ಪರೀಕ್ಷೆ ತಡಮಾಡಿದಷ್ಟೂ ಸಪ್ತಾಪುರದ ಮಂಚಗಳಿಗೆ ಬೇಡಿಕೆ ಏರುತ್ತದೆ. ಇದು ಮನೆ ಮಾಲೀಕನಿಗೂ ಗೊತ್ತು.

ಮನೆಯೋ, ಅಂಗಡಿಯೋ?

ಈಗ ಕಾಯ್ದೆ ಏನನ್ನುತ್ತದೆ ನೋಡೋಣ. ನಮ್ಮ ಕಾಯ್ದೆಗಳಿಗೆ ಎರಡೇ ಗೂಡು ಗೊತ್ತು. ಒಂದು, ಸಂಸಾರ ಇರುವ ಮನೆ. ಇನ್ನೊಂದು, ದುಡ್ಡು ತಗೊಂಡು ಜನರನ್ನು ಇಳಿಸುವ ವಸತಿಗೃಹ. ಮನೆಯಾದರೆ ನಕ್ಷೆ ಪಾಸು ಮಾಡಿಸಿ ಕಟ್ಟಿ, ವರ್ಷಕ್ಕೊಮ್ಮೆ ತೆರಿಗೆ ತುಂಬಿದರೆ ಮುಗಿಯಿತು. ವಸತಿಗೃಹವಾದರೆ 1976ರ ಮಹಾನಗರಪಾಲಿಕೆಗಳ ಕಾಯ್ದೆಯಡಿ ವ್ಯಾಪಾರ ಪರವಾನಗಿ ಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಆ ಜಾಗದಲ್ಲಿ ಅಂಥ ಬಳಕೆಗೆ ಎಡೆ ಇದೆಯೇ ಅಂತ ನೋಡಬೇಕು. ಊಟ ಹಾಕಿದರೆ 2006ರ ಆಹಾರ ಸುರಕ್ಷತೆ ಕಾಯ್ದೆ ಬಂತು. ಮೇಷ್ಟ್ರ ಮನೆಯ ನಾಲ್ಕು ಹುಡುಗರು ಈ ಎರಡು ಗೂಡಿನ ನಡುವೆ ಸಿಕ್ಕಿಬಿದ್ದಿದ್ದಾರೆ.

ದೊಡ್ಡವರಿಗೇ ಇದು ಬಗೆಹರಿದಿಲ್ಲ. 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟು ಬೆಂಗಳೂರಿನ ಒಂದು ಜಿಎಸ್‌ಟಿ ಪ್ರಕರಣದಲ್ಲಿ, ವಿದ್ಯಾರ್ಥಿಗಳು ಮತ್ತು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇರುವ ಹಾಸ್ಟೆಲ್ಲು ವಾಸದ ಮನೆಯೇ ಅಂತ ಹೇಳಿತು. 2023ರ ಜುಲೈಯಲ್ಲಿ ಅದೇ ಬೆಂಗಳೂರಿನಲ್ಲಿ ಕೂತ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ, ಪಿ.ಜಿ. ಅನ್ನೋದು ವಾಸದ ಮನೆಯಲ್ಲ, ಶೇಕಡಾ 12 ತೆರಿಗೆ ಕಟ್ಟಿ ಅಂತ ಹೇಳಿತು. ಕಡೆಗೆ 2024ರ ಜೂನಿನಲ್ಲಿ ಜಿಎಸ್‌ಟಿ ಮಂಡಳಿ ನಡುವೆ ಬಂದು, ತಲೆಗೆ ತಿಂಗಳಿಗೆ 20,000 ರೂಪಾಯಿ ಒಳಗಿದ್ದು, ಸತತ 90 ದಿನ ಇರುವವರ ವಸತಿಗೆ ತೆರಿಗೆ ಬೇಡ ಅಂತ ಜಗಳ ಬಿಡಿಸಿತು. ಒಂದೇ ಮಂಚ ಒಂದು ಕಚೇರಿಯಲ್ಲಿ ಮನೆ, ಇನ್ನೊಂದು ಕಚೇರಿಯಲ್ಲಿ ಅಂಗಡಿ. ಮೇಷ್ಟ್ರು ಯಾರನ್ನು ನಂಬಬೇಕು?

ಅವರಿಗೆ ಇನ್ನೊಂದು ಅಂಜಿಕೆಯೂ ಇದೆ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದಿದೆ. 200 ಯೂನಿಟ್ ಒಳಗಿನ ಮನೆ ಬಳಕೆಗೆ ಬಿಲ್ಲಿಲ್ಲ. ಅದು ಮನೆಗೆ ಮಾತ್ರ, ವ್ಯಾಪಾರಕ್ಕಲ್ಲ. ‘ನಾಲ್ಕು ಹುಡುಗರನ್ನು ಇಟ್ಟಿದ್ದೇನೆ’ ಅಂತ ಬರೆದುಕೊಟ್ಟರೆ ಮೀಟರಿನ ಜಾತಿಯೇ ಬದಲಾದರೆ? ಮನೆ ತೆರಿಗೆ ವಾಣಿಜ್ಯ ದರಕ್ಕೆ ಹತ್ತಿದರೆ? ಬಾಡಿಗೆಯಿಂದ ಬಂದದ್ದು ಕರೆಂಟಿಗೂ ತೆರಿಗೆಗೂ ಹೋದರೆ ಔಷಧಿಗೆ ಉಳಿಯೋದೇನು? ಅರ್ಜಿ ಬರೆಯುವ ಕೈ ಅಲ್ಲಿಗೇ ನಿಲ್ಲುತ್ತದೆ.

ಎಪ್ಪತ್ತು ಚದರಡಿಯ ಲೆಕ್ಕ

ಬೆಂಗಳೂರಿನಲ್ಲಿ 2024ರ ಜುಲೈಯಲ್ಲಿ ಕೋರಮಂಗಲದ ಪಿ.ಜಿ.ಯೊಂದಕ್ಕೆ ನುಗ್ಗಿದ ವ್ಯಕ್ತಿ ಒಬ್ಬ ಯುವತಿಯನ್ನು ಕೊಂದ. ಊರು ಬೆಚ್ಚಿತು. ಮರುತಿಂಗಳೇ ಆಗಿನ ಬಿಬಿಎಂಪಿ ಪಿ.ಜಿ.ಗಳಿಗೆ ನಿಯಮ ಹೊರಡಿಸಿತು. ತಲೆಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲಲ್ಲಿ ಕ್ಯಾಮೆರಾ, ಅದರ ದಾಖಲೆ 90 ದಿನ ಇಡಬೇಕು, ಹಗಲು ರಾತ್ರಿ ಕಾವಲುಗಾರ ಇರಬೇಕು, ಅಡಿಗೆ ಮಾಡಿದರೆ ಆಹಾರ ಲೈಸೆನ್ಸು. ಬಿಬಿಎಂಪಿಯ ಜಾಗಕ್ಕೆ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದವು. ಆದರೆ ಪಿ.ಜಿ. ಮಾತು ಬಂದಾಗಲೆಲ್ಲ ಎಲ್ಲ ಊರಿನವರೂ ತೋರಿಸುವುದು ಆ ಪಟ್ಟಿಯನ್ನೇ. ಅದು ಬೆಂಗಳೂರಿಗೆ ಮಾಡಿದ್ದು, ಧಾರವಾಡವನ್ನು ಕಟ್ಟಿಹಾಕುವುದಿಲ್ಲ. ಆದರೂ ಆ ಅಳತೆಗೋಲನ್ನು ತಂದು ಇಲ್ಲಿ ಇಟ್ಟು ನೋಡೋಣ.

ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆ. ಹತ್ತು ಹನ್ನೆರಡರ ಎರಡು ಕೋಣೆ, ಹನ್ನೆರಡು ಹದಿನೈದರ ಒಂದು ಹಾಲು. ಕೋಣೆ ಒಂದಕ್ಕೆ 120 ಚದರಡಿ. 70ರ ಲೆಕ್ಕದಲ್ಲಿ ಇಬ್ಬರಿಗೆ 140 ಬೇಕು, ಹಾಗಾಗಿ ಒಬ್ಬನೇ. ಎರಡು ಕೋಣೆಗೆ ಇಬ್ಬರು. 180 ಚದರಡಿಯ ಹಾಲಿನಲ್ಲಿ ಇಬ್ಬರು. ಒಟ್ಟು ನಾಲ್ಕು. ನಮ್ಮ ಊರಿನಲ್ಲಿ ಇದೇ ಮನೆಯಲ್ಲಿ ಕೋಣೆಗೆ ನಾಲ್ಕು, ಹಾಲಿಗೆ ನಾಲ್ಕು, ಹನ್ನೆರಡು ಮಂಚ ಹಾಕುವುದು ಯಾರಿಗೂ ಆಶ್ಚರ್ಯ ತರುವುದಿಲ್ಲ.

ಲೆಕ್ಕಕ್ಕೆ ಒಂದು ಮಂಚಕ್ಕೆ ತಿಂಗಳಿಗೆ 3,000 ರೂಪಾಯಿ ಹಿಡಿಯೋಣ. ಹನ್ನೆರಡು ಮಂಚಕ್ಕೆ 36,000. ನಿಯಮ ಪಾಲಿಸಿದರೆ 12,000. ನಡುವಿನ 24,000 ಯಾರು ಹೊರಬೇಕು? ಮಾಲೀಕ ಹೊರುವುದಿಲ್ಲ. ಹುಡುಗನ ಮೇಲೆ ಹಾಕಿದರೆ ಮಂಚಕ್ಕೆ 9,000 ಆಗುತ್ತದೆ. ಊರಲ್ಲಿ ಎರಡೆಕರೆ ಒಣಬೇಸಾಯದ ಅಪ್ಪ ಅಷ್ಟು ಕಳಿಸಲಾರ. ಹಾಗಾಗಿ ಇಬ್ಬರೂ ಕೂಡಿ ಮಾಡುವ ಒಪ್ಪಂದ ಒಂದೇ: ಸುಮ್ಮನಿರೋಣ. ‘ಯಾರರೆ ಕೇಳಿದ್ರ ನಾವು ಸಂಬಂಧಿಕರ ಮಕ್ಕಳು ಅಂತ ಹೇಳ್ರಿ’ ಅಂತ ಹೇಳಿಕೊಡುವುದು ಈ ಒಪ್ಪಂದದ ಒಂದು ಕಲಮು.

ನೀರಿನ ಲೆಕ್ಕವನ್ನೂ ಹಾಕಿ. ಹನ್ನೆರಡು ತಲೆಗೆ 135ರಂತೆ ದಿನಕ್ಕೆ 1,620 ಲೀಟರ್. ಹುಬ್ಬಳ್ಳಿ-ಧಾರವಾಡದ ಆಯ್ದ ಬಡಾವಣೆಗಳಲ್ಲಿ 24 ಗಂಟೆ ನೀರಿನ ಪ್ರಯೋಗ ಶುರುವಾದದ್ದು 2008ರಲ್ಲಿ. ಆ ಭಾಗ್ಯ ಸಿಗದ ಓಣಿಯವರು ಸರದಿ ಕಾದು ತೊಟ್ಟಿ ತುಂಬಿಸಿಕೊಂಡೇ ಬದುಕಿದರು. ಐದು ಜನರಿಗೆಂದು ಕಟ್ಟಿಸಿದ ತೊಟ್ಟಿ, ಐದು ಜನರಿಗೆಂದು ಹಾಕಿದ ಗಟಾರದ ಪೈಪು ಹನ್ನೆರಡು ಜನರ ಭಾರ ಹೊತ್ತಾಗ ಮೊದಲು ಉಕ್ಕುವುದು ಪಕ್ಕದ ಮನೆಯವರ ಅಂಗಳದಲ್ಲಿ. ನೆರೆಯವರ ಸಿಟ್ಟೂ ಸುಳ್ಳಲ್ಲ.

ಸಾವು ಬಂದಾಗ ಮಾತ್ರ ನಕ್ಷೆ

ಇಷ್ಟೆಲ್ಲ ಯಾಕೆ, ಹುಡುಗರು ಹೇಗೋ ಓದಿಕೊಂಡು ಹೋಗುತ್ತಾರೆ ಬಿಡಿ ಅನ್ನುವವರಿದ್ದಾರೆ. ಅವರಿಗೆ ಎರಡು ತಾರೀಖು ನೆನಪಿಸಬೇಕು.

2019ರ ಮಾರ್ಚ್ 19. ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದು ಪಿ.ಜಿ. ಅಲ್ಲ, ವಾಣಿಜ್ಯ ಕಟ್ಟಡ. ಆದರೆ ಕಾಗದದ ಮೇಲಿನ ಕಟ್ಟಡ ಬೇರೆ, ನೆಲದ ಮೇಲಿನ ಕಟ್ಟಡ ಬೇರೆ ಆದರೆ ಏನಾಗುತ್ತದೆ ಅನ್ನೋ ಪ್ರಶ್ನೆ ಅಂದು ಇಡೀ ಊರಿನ ಬಾಯಲ್ಲಿತ್ತು.

2024ರ ಜುಲೈ 27. ದಿಲ್ಲಿಯ ಹಳೇ ರಾಜಿಂದರ್ ನಗರ, ಐಎಎಸ್ ತರಬೇತಿಯ ಓಣಿ. ಮಳೆ ನೀರು ನುಗ್ಗಿ ನೆಲಮಾಳಿಗೆಯ ಓದುಮನೆಯಲ್ಲಿದ್ದ ಮೂವರು ಅಭ್ಯರ್ಥಿಗಳು ಮುಳುಗಿ ಸತ್ತರು. ಆ ನೆಲಮಾಳಿಗೆಗೆ ಒಪ್ಪಿಗೆ ಇದ್ದದ್ದು ವಾಹನ ನಿಲ್ಲಿಸಲು, ಸಾಮಾನು ಇಡಲು. ಜನ ಕೂತು ಓದಲು ಅಲ್ಲ. ಮರುದಿನ ಎಲ್ಲರೂ ನಕ್ಷೆ ಬಿಚ್ಚಿದರು. ಹಿಂದಿನ ದಿನದವರೆಗೆ ಯಾರೂ ಬಿಚ್ಚಿರಲಿಲ್ಲ.

ಸಪ್ತಾಪುರದ ಅಪಾಯವೂ ಇಲ್ಲೇ ಇದೆ. ಒಂದು ಸಂಸಾರಕ್ಕೆ ಎಳೆದ ವೈರಿನಲ್ಲಿ ಹನ್ನೆರಡು ಜನರ ಫೋನು, ಲ್ಯಾಪ್‌ಟಾಪು, ನೀರು ಕಾಯಿಸುವ ಕಾಯಿಲು. ಹೊರಗೆ ಹೋಗಲು ಒಂದೇ ಮೆಟ್ಟಿಲು. ಅದರ ಕೆಳಗೆ ಸಾಲಾಗಿ ಬೈಕುಗಳು. ಕಿಟಕಿಗೆ ಕಳ್ಳರ ಭಯಕ್ಕೆ ಹಾಕಿಸಿದ ಜಾಲರಿ. ರಾತ್ರಿ ಬೆಂಕಿ ಹತ್ತಿದರೆ ಒಳಗೆ ಎಷ್ಟು ಜನ ಇದ್ದಾರೆ ಅಂತ ಅಗ್ನಿಶಾಮಕದವರಿಗೆ ಹೇಳುವವರು ಯಾರು? ಮಾಲೀಕ ಬೇರೆ ಊರಲ್ಲಿದ್ದಾನೆ. ಪಟ್ಟಿ ಯಾರ ಹತ್ತಿರವೂ ಇಲ್ಲ. ದಾಖಲೆಯಲ್ಲಿ ಆ ಮನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು.

ಗುಟ್ಟಾಗಿ ನಡೆಯುವ ವ್ಯವಹಾರದಲ್ಲಿ ಹುಡುಗನಿಗೆ ಹಕ್ಕೂ ಇರುವುದಿಲ್ಲ. ಕೈಗೆ ರಶೀದಿ ಇಲ್ಲ. ಮುಂಗಡ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ‘ನಾಳೆ ಖಾಲಿ ಮಾಡು’ ಅಂದರೆ ಮಾಡಬೇಕು. ಕಂಪ್ಲೇಂಟು ಕೊಡಲು ಹೋದರೆ ಅವನು ಅಲ್ಲಿ ಇದ್ದ ಅನ್ನೋದಕ್ಕೇ ಪುರಾವೆ ಇಲ್ಲ.

ತಲೆ ಎಣಿಸಿ, ಸಂಬಂಧ ಎಣಿಸಬೇಡಿ

ಇಲ್ಲಿ ಒಂದು ತಮಾಷೆ ನೋಡಿ. ಹಳೆಯ ವಾಡೆಯಲ್ಲಿ ಅಣ್ಣ ತಮ್ಮಂದಿರು, ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಹದಿನಾರು ಜನ ಇದ್ದರೆ ಯಾವ ಕಚೇರಿಯೂ ಕೇಳುವುದಿಲ್ಲ. ಅದು ಒಂದೇ ಸಂಸಾರ. ಮೇಷ್ಟ್ರ ಮನೆಯಲ್ಲಿ ಮುದುಕ ಮುದುಕಿ ಜೊತೆಗೆ ನಾಲ್ಕು ಹುಡುಗರು, ಒಟ್ಟು ಆರೇ ಜನ. ಅದು ವ್ಯಾಪಾರ. ಗಟಾರಕ್ಕೆ, ತೊಟ್ಟಿಗೆ, ವೈರಿಗೆ ಈ ಸಂಬಂಧ ಗೊತ್ತಾಗುತ್ತದೆಯೇ? ಅವಕ್ಕೆ ಗೊತ್ತಾಗುವುದು ತಲೆಗಳ ಸಂಖ್ಯೆ ಮಾತ್ರ.

ಅಪರಿಚಿತರಿಗೆ ಬೇರೆ ನಿಯಮ ಬೇಡವೇ ಬೇಡ ಅಂತಲ್ಲ. ಸಂಸಾರದಲ್ಲಿ ಹೊಣೆ ಹೊರುವ ಹಿರಿಯರಿರುತ್ತಾರೆ. ಪಿ.ಜಿ.ಯಲ್ಲಿ ಆ ಹೊಣೆ ಯಾರದೂ ಅಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡು: ಒಳಗೆ ಎಷ್ಟು ತಲೆ? ಹೊಣೆ ಹೊರುವವರು ಅದೇ ಸೂರಿನಡಿ ಇದ್ದಾರೋ ಇಲ್ಲವೋ?

ಇಂಗ್ಲೆಂಡಿನವರು ಈ ಎರಡನ್ನೇ ಹಿಡಿದು ಕಾಯ್ದೆ ಮಾಡಿದ್ದಾರೆ. ನಮ್ಮ ಕಡೆಯಿಂದ ಅಲ್ಲಿಗೆ ಓದಲು ಹೋದ ಮಕ್ಕಳು ಇಂಥ ಮನೆಗಳಲ್ಲೇ ಕೋಣೆ ಹಿಡಿಯುತ್ತಾರೆ, ಕೇಳಿ ನೋಡಿ. ಮಾಲೀಕ ತಾನೂ ಅದೇ ಮನೆಯಲ್ಲಿದ್ದು ಇಬ್ಬರನ್ನು ಇಟ್ಟುಕೊಂಡರೆ ಅದು ಬಹುಜನ ವಸತಿಯ ಲೆಕ್ಕಕ್ಕೇ ಬರುವುದಿಲ್ಲ. ಬೇರೆ ಬೇರೆ ಸಂಸಾರಕ್ಕೆ ಸೇರಿದ ಐದು ಅಥವಾ ಹೆಚ್ಚು ಜನ ಅಡಿಗೆಮನೆ, ಬಚ್ಚಲು ಹಂಚಿಕೊಂಡು ಇದ್ದರೆ ಲೈಸೆನ್ಸು ಕಡ್ಡಾಯ. 2018ರ ಅಕ್ಟೋಬರಿನಿಂದ ಅಂಥ ಮನೆಯಲ್ಲಿ ಒಬ್ಬ ವಯಸ್ಕ ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್. ಲೆಕ್ಕ ಹಾಕಿ, ಸರಿಯಾಗಿ 70 ಚದರಡಿ! ಆದರೆ ಇಬ್ಬರಿಗೆ 140 ಕೇಳುವುದಿಲ್ಲ, 110 ಸಾಕು. ನಮ್ಮ ಹತ್ತು ಹನ್ನೆರಡರ ಕೋಣೆಯಲ್ಲಿ ಅಲ್ಲಿ ಇಬ್ಬರಿಗೆ ಜಾಗವಿದೆ, ಬೆಂಗಳೂರಿನ ನಿಯಮದಲ್ಲಿ ಒಬ್ಬನಿಗೆ. ಇಂಗ್ಲೆಂಡಿನವರಿಗಿಂತ ಉದಾರವಾದ ಅಳತೆಯನ್ನು ಕಾಗದದ ಮೇಲೆ ಬರೆದುಕೊಂಡು, ನೆಲದ ಮೇಲೆ ಕೋಣೆಗೆ ನಾಲ್ವರನ್ನು ತುಂಬುವುದು ನಮ್ಮ ಪದ್ಧತಿ.

ನೆರೆಯವರ ಸಹಿ ಎಂಬ ಕತ್ತಿ

ಸುಲಭದ ಉಪಾಯ ಒಂದಿದೆ ಅಂತ ಕೆಲವರು ಹೇಳುತ್ತಾರೆ. ಅಕ್ಕಪಕ್ಕದವರ ಒಪ್ಪಿಗೆ ಪತ್ರ ತಂದವರಿಗೆ ಮಾತ್ರ ಲೈಸೆನ್ಸು ಕೊಡಿ ಅಂತ. ಕೇಳಲು ಚೆಂದ. ಆದರೆ ವಾರಾನ್ನದ ಜಾತಿ ಬೇಲಿ ಮತ್ತೆ ಏಳುವುದು ಇಲ್ಲಿಯೇ.

ರೂಮು ಕೇಳಲು ಬಂದ ಹುಡುಗನಿಗೆ ‘ಯಾ ಊರು? ಅಡ್ಡ ಹೆಸರೇನು? ಯಾವ ಪೈಕಿ? ತತ್ತಿ ಮಾಂಸ ತಿಂತೀರೇನು?’ ಅಂತ ಸಾಲಾಗಿ ಕೇಳುವುದು ಯಾರಿಗೂ ಹೊಸದಲ್ಲ. ಬಾಡಿಗೆ ಕೇಳುವ ಮೊದಲೇ ಜಾತಿ ಕೇಳುವ ಊರು ನಮ್ಮದು. ನೆರೆಯವರ ಸಹಿ ಕಡ್ಡಾಯವಾದರೆ ಈ ಪ್ರಶ್ನೆಗಳಿಗೆ ಸರಕಾರದ ಮುದ್ರೆ ಬೀಳುತ್ತದೆ. ದಲಿತ ಹುಡುಗನಿಗೆ, ಮುಸ್ಲಿಂ ಹುಡುಗಿಗೆ ‘ನಮಗೇನ ತಕರಾರಿಲ್ಲವಾ, ಬಾಜೂ ಮನಿಯವರು ಸಹಿ ಮಾಡವಲ್ಲರು’ ಅಂತ ನಯವಾಗಿ ಬಾಗಿಲು ಹಾಕಬಹುದು.

ನೆರೆಯವರಿಗೆ ತಕರಾರು ಹೇಳುವ ಹಕ್ಕು ಇರಲಿ. ತಕರಾರು ನೀರಿನ ಬಗ್ಗೆ, ಗಟಾರದ ಬಗ್ಗೆ, ಗಾಡಿ ನಿಲ್ಲಿಸುವ ಬಗ್ಗೆ, ರಾತ್ರಿಯ ಗದ್ದಲದ ಬಗ್ಗೆ ಇರಲಿ. ಒಳಗೆ ಯಾರಿದ್ದಾರೆ ಅನ್ನೋದರ ಬಗ್ಗೆ ಬೇಡ.

ಮಾಡಬೇಕಾದ್ದೇನು?

2025ರ ಜನವರಿಯಲ್ಲಿ ಸರಕಾರ ಧಾರವಾಡಕ್ಕೆ ಬೇರೆ ಮಹಾನಗರಪಾಲಿಕೆ ಮಾಡುವ ತೀರ್ಮಾನ ಪ್ರಕಟಿಸಿತು. ಬೇರೆ ಪಾಲಿಕೆ ಕೇಳಿದ್ದು ಬರೀ ಹೊಸ ಬೋರ್ಡು, ಹೊಸ ಖುರ್ಚಿಗಾಗಿ ಅಲ್ಲವಾದರೆ ಮೊದಲು ಈ ಕೆಲಸ ಕೈಗೆ ಹತ್ತಲಿ. ಧಾರವಾಡದ ಅನ್ನ ನಡೆಯುವುದೇ ಹೊರಗಿನಿಂದ ಬಂದು ಓದುವ ಮಕ್ಕಳಿಂದ.

ಮೂರು ಮೆಟ್ಟಿಲು ಸಾಕು. ಮಾಲೀಕ ಅದೇ ಮನೆಯಲ್ಲಿದ್ದು ನಾಲ್ವರ ತನಕ ಇಟ್ಟುಕೊಂಡರೆ ಲೈಸೆನ್ಸು ಬೇಡ, ಒಂದು ಪುಟದ ನೋಂದಣಿ ಸಾಕು. ಅಂಥವರ ಮೀಟರು, ಮನೆ ತೆರಿಗೆ ಎರಡೂ ಮನೆಯ ದರದಲ್ಲೇ ಇರುತ್ತವೆ ಅಂತ ಮೊದಲೇ ಬರೆದುಕೊಡಬೇಕು. ಅದಿಲ್ಲದೆ ಯಾರೂ ಬರುವುದಿಲ್ಲ. ಐದರಿಂದ ಹನ್ನೆರಡರ ತನಕ ಆದರೆ, ಅಥವಾ ಮಾಲೀಕ ಅಲ್ಲಿ ಇರದಿದ್ದರೆ, ಸ್ಥಳ ತನಿಖೆ ಮಾಡಿ ಲೈಸೆನ್ಸು ಕೊಡಲಿ. ವೈರು, ಮೆಟ್ಟಿಲು, ನೀರು, ಬಚ್ಚಲು, ಈ ನಾಲ್ಕನ್ನು ಒಬ್ಬನೇ ಅಧಿಕಾರಿ ಒಂದೇ ದಿನ ನೋಡಲಿ. ಅದಕ್ಕೂ ಮೇಲಿನದು ಹಾಸ್ಟೆಲ್ಲು, ಅದಕ್ಕೆ ಎಲ್ಲ ನಿಯಮವೂ ಇರಲಿ.

ಉತ್ತರಕ್ಕೆ ಗಡುವು ಇರಲಿ. ಸಕಾಲ ಕಾಯ್ದೆ 2011ರಲ್ಲೇ ಬಂದಿದೆ. ಗಡುವು ಮುಗಿದರೂ ಮಾತಿಲ್ಲದಿದ್ದರೆ ಒಪ್ಪಿಗೆ ಸಿಕ್ಕಂತೆ ಅಂತ ಬರೆದರೆ ಅರ್ಜಿ ತಾನಾಗಿಯೇ ಓಡುತ್ತದೆ. ಮನೆ ಬಾಗಿಲಿಗೆ ಒಂದು ಸಣ್ಣ ಫಲಕ: ನೋಂದಣಿ ಸಂಖ್ಯೆ, ಎಷ್ಟು ಜನಕ್ಕೆ ಒಪ್ಪಿಗೆ, ಹೊಣೆಗಾರರ ಫೋನ್. ಹುಡುಗನ ಕೈಗೆ ಪ್ರತಿ ತಿಂಗಳು ರಶೀದಿ.

ಇದರಿಂದ ಮಂಚ ಕಡಿಮೆಯಾಗಿ ಬಾಡಿಗೆ ಏರುವುದಿಲ್ಲವೇ? ಸ್ವಲ್ಪ ಏರುತ್ತದೆ. ಹನ್ನೆರಡಿದ್ದಲ್ಲಿ ಆರೋ ಎಂಟೋ ಆಗುತ್ತವೆ. ಆದರೆ ಇವತ್ತು ಅಂಜಿಕೊಂಡು ಬೀಗ ಹಾಕಿರುವ ಮೇಷ್ಟ್ರಂಥವರ ಖಾಲಿ ಕೋಣೆಗಳು ತೆರೆಯುತ್ತವೆ. ಹನ್ನೆರಡು ಮಂಚದ ಒಂದು ಮನೆಯ ಬದಲು ನಾಲ್ಕು ಮಂಚದ ಮೂರು ಮನೆ. ಹುಡುಗರಿಗೆ ಗಾಳಿ, ಗಟಾರಕ್ಕೆ ಬಿಡುವು, ಮುದುಕರಿಗೆ ಜೊತೆ.

ಈಗ ಊರಿನಲ್ಲಿ ಸುಮ್ಮನಿದ್ದವನೇ ಜಾಣ, ಅರ್ಜಿ ಕೊಟ್ಟವನೇ ದಡ್ಡ. ಅರ್ಜಿ ಕೊಟ್ಟವನಿಗೆ ನಷ್ಟವಾಗದಂತೆ ಪಾಲಿಕೆ ಮೊದಲು ನೋಡಿಕೊಳ್ಳಲಿ. ಕೊಡದವನ ಮನೆಗೆ ನೋಟೀಸು ಆಮೇಲೆ ಹೋಗಲಿ. ಎರಡೂ ಆಗದೆ ಮುಂದೊಂದು ದಿನ ಯಾವುದಾದರೂ ಮೆಟ್ಟಿಲಲ್ಲಿ ಹೊಗೆ ತುಂಬಿದರೆ, ಒಳಗೆ ಎಷ್ಟು ಮಕ್ಕಳಿದ್ದರು ಅಂತ ಎಣಿಸಿ ಹೇಳಲು ಚೀಟಿ ಅಂಟಿಸಿದ ಆ ಲೈಟಿನ ಕಂಬದ ಹೊರತು ಬೇರೆ ಸಾಕ್ಷಿ ಇರುವುದಿಲ್ಲ.